ಮನೆಯ ಮುಂದೆ ಯಾರಾದರೂ ನಿಂತಿರಲಿ

ಆನ್‌ಲೈನ್ ಹರಾಜಿನ ಜಾಲತಾಣದಲ್ಲಿ ಐಷಾರಾಮಿ ಮನೆಗಳ ಜಾಹೀರಾತು ಪರಿಶೀಲಿಸುವ ಕೆಲಸಕ್ಕೆ ಸೇರಿದ್ದೀರಿ ಎಂದು ಕೇಳಿದೆ. ಒಳ್ಳೆಯದು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳನ್ನು ನಿಮಗೆ ಕೊಟ್ಟಿದ್ದಾರೆ ಎಂದೂ ಕೇಳಿದೆ. ಇಲ್ಲಿ ಐಷಾರಾಮಿ ಮನೆಗಳು ಕಡಿಮೆ, ಜಾಹೀರಾತುಗಳು ಹೆಚ್ಚು. ಕೆಲಸಕ್ಕೇನೂ ಕೊರತೆಯಾಗುವುದಿಲ್ಲ. ನಾನು ಇದನ್ನು ಬಿಟ್ಟದ್ದು ಕಣ್ಣಿಗೆ ಪೊರೆ ಬಂದದ್ದರಿಂದ. ಕಣ್ಣಿನಿಂದ ಸಿಕ್ಕ ಕೆಲಸ ಕಣ್ಣಿನಿಂದಲೇ ಹೋಯಿತು, ಆ ಬಗ್ಗೆ ನನಗೆ ಯಾರ ಮೇಲೂ ತಕರಾರಿಲ್ಲ.

ಇದಕ್ಕೂ ಮೊದಲು ಆಳಂದದಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ ಇತ್ತು. ಎಲ್ಲರ ಕಿಸೆಗೂ ಕ್ಯಾಮರಾ ಬಂದ ಮೇಲೆ ಅಲ್ಲಿ ನಾನು, ನನ್ನ ಹೆಂಡತಿ ಕಸ್ತೂರಬಾಯಿ ಮತ್ತು ಗೋಡೆಗೆ ಬರೆಸಿದ್ದ ಕಾಶ್ಮೀರದ ಸರೋವರ ಇಷ್ಟೇ ಉಳಿದೆವು. ಆದರೆ ಅದು ನಡೆಯುತ್ತಿದ್ದ ಕಾಲದಲ್ಲಿ ಮದುವೆಯ ಹಂಗಾಮು ಬಂದರೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ನಮ್ಮ ಕಡೆ ಒಂದು ಪದ್ಧತಿಯಿದೆ. ಮದುವೆ ಯಾರ ಮನೆಯದೇ ಇರಲಿ, ಮದುಮಕ್ಕಳ ಫೋಟೋ ಮಾತ್ರ ಊರಿನಲ್ಲಿ ಯಾರ ಮನೆಯ ಗೋಡೆ ಚೆಂದವೋ ಅಲ್ಲಿ ಆಗಬೇಕು. ಗೌಡರ ಮನೆಯ ಉಯ್ಯಾಲೆ, ಸಾವಕಾರರ ಮನೆಯ ಗಾಜಿನ ಕಪಾಟು, ಹಾಜಿಸಾಬರ ಮನೆಯ ಮೆಟ್ಟಿಲು, ಇವೆಲ್ಲ ಊರ ಎಲ್ಲ ಮದುವೆಗಳ ಆಲ್ಬಮ್ಮಿನಲ್ಲೂ ಇರುತ್ತಿದ್ದವು. ಮದುಮಗಳು ಬದಲಾಗುತ್ತಿದ್ದಳು, ಕಪಾಟು ಅದೇ. ಕಸ್ತೂರಬಾಯಿ ನನ್ನ ಜೊತೆ ಬಂದು ಮದುಮಗಳ ಸೆರಗು ಸರಿಮಾಡಿ, ಬೆಳಕು ಹರಡುವ ಬಿಳಿ ಛತ್ರಿಯನ್ನು ಹಿಡಿದು ನಿಲ್ಲುತ್ತಿದ್ದಳು. ಹೀಗೆ ಮೂರು ತಾಲ್ಲೂಕಿನ ಒಳ್ಳೆಯ ಮನೆಗಳೆಲ್ಲ ನಮಗೆ ಗೊತ್ತಾದವು.

ಸ್ಟುಡಿಯೊ ಮುಚ್ಚಿದ ಮೇಲೆ ಹರಾಜು ಕಂಪನಿಯವರು ಫೋನಿನಲ್ಲೇ ನನ್ನ ಸಂದರ್ಶನ ಮಾಡಿದರು. ಆ ಭಾಗದ ದೊಡ್ಡ ಮನೆಗಳ ಪರಿಚಯ ಇದೆಯೇ ಎಂದು ಕೇಳಿದರು. ಯಾವ ಮನೆಯ ಯಾವ ಗೋಡೆಗೆ ಬೆಳಗಿನ ಬಿಸಿಲು ಬೀಳುತ್ತದೆ ಎಂಬುದೂ ಗೊತ್ತು ಎಂದೆ. ಅದು ಬೇಕಾಗಿಲ್ಲ ಎಂದರು. ಆದರೂ ಕೆಲಸ ಕೊಟ್ಟರು.

ಕೆಲಸ ಸರಳ. ಯಾರೋ ತಮ್ಮ ಬಂಗಲೆಯನ್ನು ಹರಾಜಿಗೆ ಹಾಕುತ್ತಾರೆ. ಫೋಟೋಗಳು ನಮ್ಮ ಮೊಬೈಲಿಗೆ ಬರುತ್ತವೆ. ಅನುಮಾನ ಇಲ್ಲದಿದ್ದರೆ ಪಾಸು ಮಾಡಬೇಕು, ಇದ್ದರೆ ಹೋಗಿ ನೋಡಿ ವರದಿ ಬರೆಯಬೇಕು. ನಾವು ಸುಮ್ಮನಿದ್ದರೆ ಪಾಸಾದಂತೆಯೇ. ಸವಾಲು ಕೂಗಿ ಗೆದ್ದವನು ಮುಂಗಡ ಕಟ್ಟುತ್ತಾನೆ. ಆಮೇಲೆ ಅವನು ಮನೆ ಹುಡುಕಿಕೊಂಡು ಬರುತ್ತಾನೆ. ಆಗ ಅಲ್ಲಿ ಮನೆ ಇದ್ದರೆ ಎಲ್ಲರಿಗೂ ಒಳ್ಳೆಯದು.

ಕೊಳಕೂರಿನಲ್ಲಿ ಇರಲಿಲ್ಲ. ಅದು ನನ್ನ ಮೊದಲ ಪ್ರಕರಣ. ಕೊಳಕೂರಿನ ಹೊರವಲಯದಲ್ಲಿ ಮೂರಂತಸ್ತಿನ ವಿಲ್ಲಾ, ಸುತ್ತ ತೆಂಗಿನ ಮರ, ಹಾಲಿನಂಥ ಗೋಡೆ. ನನಗೆ ಅನುಮಾನ ಬಂದದ್ದು ಗೋಡೆಯ ಮೇಲೆಯೇ. ನಮ್ಮದು ಕಪ್ಪು ಎರೆ ಭೂಮಿ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಅದರ ಜೊತೆಗೆ ಗೋಡೆಯೂ ಬಿಡುತ್ತದೆ. ಎಷ್ಟು ದೊಡ್ಡವರ ಮನೆಯಾದರೂ ಒಂದು ಬಿರುಕು ಇದ್ದೇ ಇರುತ್ತದೆ, ಅದರ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿರುತ್ತಾರೆ. ಕ್ಯಾಲೆಂಡರ್ ಕಣ್ಣಿನ ಮಟ್ಟಕ್ಕಿದ್ದರೆ ಅದು ತಾರೀಖು ನೋಡುವುದಕ್ಕೆ. ಕಿಟಕಿಯ ಕೆಳಗೆ ಮೂಲೆಯಲ್ಲಿದ್ದರೆ ಬಿರುಕು ಮುಚ್ಚುವುದಕ್ಕೆ. ಮೂಲೆಯಲ್ಲಿ ಕ್ಯಾಲೆಂಡರ್ ಕಂಡರೆ ಮನೆ ನಿಜ ಎಂದು ನಾನು ಅರ್ಧ ಪಾಸು ಮಾಡುತ್ತಿದ್ದೆ. ಕೊಳಕೂರಿನ ವಿಲ್ಲಾದಲ್ಲಿ ಒಂದೂ ಕ್ಯಾಲೆಂಡರ್ ಇರಲಿಲ್ಲ, ಮೇಲಾಗಿ ಮಣ್ಣು ಕೆಂಪಗಿತ್ತು.

ಜೇವರ್ಗಿಯಿಂದ ಬಸ್ಸು ಹಿಡಿದು ಹೋದೆ. ಜಾಹೀರಾತಿನಲ್ಲಿ ಹೇಳಿದ್ದ ಜಾಗದಲ್ಲಿ ತೊಗರಿ ಬೆಳೆದಿತ್ತು. ಒಬ್ಬ ರೈತ ಬದುವಿನ ಮೇಲೆ ಕುಳಿತಿದ್ದ.

"ಇಲ್ಲಿ ಒಂದು ಬಂಗಲಿ ಅದ ಅಂತಾರಲ್ರಿ?" ಎಂದು ಕೇಳಿದೆ.

ಅವನು ಎದ್ದು ನಿಂತು ಹೊಲದ ಉದ್ದಗಲ ಒಮ್ಮೆ ನೋಡಿದ. "ಮುಂಜಾನಿ ತನಕಾ ಅಂತೂ ಇರಲಿಲ್ರಿ," ಎಂದ.

ಮತ್ತೆ ಬದುವಿನ ಮೇಲೆ ಕುಳಿತುಕೊಳ್ಳುತ್ತ ಅವನೇ ಹೇಳಿದ: "ಮೊನ್ನಿ ಒಬ್ಬರು ಕಾರ್ ತಗೊಂಡು ಬಂದಿದ್ರು. ಪೇಢೆದ ಡಬ್ಬಿ ತಂದಿದ್ರು, ಹೊಸಾ ಮನಿ ತಗೊಳಾಕತ್ತೇವಿ ಅಂತ. ಮನಿ ಇಲ್ರಿ ಅಂದ್ರೂ ನಂಬಲಿಲ್ಲ, ನನಗೇ ಫೋಟೋ ತೋರಿಸಿದ್ರು. ಪೇಢೆ ನನಗೇ ಕೊಟ್ಟು ಹೋದ್ರು. ಪಾಪ, ಛಲೋ ಇದ್ವು."

ಆ ಜಾಹೀರಾತನ್ನು ತೆಗೆಸಿದೆವು. ಪೇಢೆ ತಂದವರು ಮುಂಗಡ ಕಟ್ಟುವ ಮೊದಲೇ ನೋಡಲು ಬಂದಿದ್ದರು, ಅದೊಂದು ಸಮಾಧಾನ.

ಎಲ್ಲ ಸುಳ್ಳೂ ಒಂದೇ ಅಲ್ಲ ಎಂದು ನನಗೆ ಕಲಿಸಿದವನು ಅಫಜಲಪುರದ ಗುರುಲಿಂಗಪ್ಪ. ಅವನ ತೋಟದ ಮನೆಯ ಜಾಹೀರಾತಿನಲ್ಲಿ ಖಾಸಗಿ ಈಜುಕೊಳ, ಇಟಾಲಿಯನ್ ಮಾರ್ಬಲ್, ನದಿಯ ನೋಟ ಎಲ್ಲವೂ ಇದ್ದವು. ಹೋಗಿ ನೋಡಿದರೆ ಮಾರ್ಬಲ್ ಎಂಬುದು ಚೆನ್ನಾಗಿ ಉಜ್ಜಿದ ಶಹಾಬಾದಿ ಫರಸಿಕಲ್ಲು. ಮಾಳಿಗೆಯ ಮೇಲೆ ನಿಂತು, ಪಕ್ಕದವರ ಬೇವಿನ ಮರ ಬಗ್ಗಿದಾಗ, ಭೀಮಾ ನದಿ ಒಂದಿಷ್ಟು ಕಾಣುತ್ತಿತ್ತು. ಈಜುಕೊಳ ನೀಲಿ ತಾಡಪತ್ರಿ ಹಾಸಿದ ಕೃಷಿ ಹೊಂಡ. ಅದರಲ್ಲಿ ಎಮ್ಮೆಗಳಿದ್ದವು.

"ಇದು ಈಜುಕೊಳ ಏನ್ರಿ?" ಎಂದೆ.

"ಈಜಿದ್ರ ಈಜುಕೊಳ್ರಿ."

"ಎಮ್ಮಿ ಈಜಾಕತ್ತಾವಲ್ರಿ."

"ಅವಕ್ಕ ಬರ್ತದ, ಈಜ್ತಾವ. ನನಗ ಬರಂಗಿಲ್ಲ, ದಂಡಿ ಮ್ಯಾಲ ಕುಂಡ್ರತೇನಿ."

ಗುರುಲಿಂಗಪ್ಪನ ಜಾಹೀರಾತಿನ ಪ್ರತಿ ಫೋಟೋದಲ್ಲೂ ಗುರುಲಿಂಗಪ್ಪ ಇದ್ದ. ಬಾಗಿಲ ಮುಂದೆ ತಲೆಗೆ ಪಟಕಾ ಸುತ್ತಿಕೊಂಡು, ಅಡುಗೆಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ, ಹೊಂಡದ ದಂಡೆಯಲ್ಲಿ ಕೈ ಕಟ್ಟಿಕೊಂಡು. ಆಗ ನನಗೆ ಒಂದು ಮಾತು ಹೊಳೆಯಿತು. ನಮ್ಮ ಕಡೆಯ ಮನುಷ್ಯ ತನ್ನ ಮನೆಯ ಫೋಟೋ ತೆಗೆಸಿದರೆ ತಾನೂ ಅದರೊಳಗೆ ನಿಲ್ಲುತ್ತಾನೆ. ತಾನಿಲ್ಲದ ಮನೆಯ ಫೋಟೋ ಯಾಕೆ ಬೇಕು ಎನ್ನುವುದೇ ಅವನಿಗೆ ತಿಳಿಯುವುದಿಲ್ಲ. ಬಡಾಯಿ ಕೊಚ್ಚುವವನು ಫೋಟೋದಲ್ಲಿರುತ್ತಾನೆ, ಮೋಸ ಮಾಡುವವನು ಇರುವುದಿಲ್ಲ. ಬಡಾಯಿಗೆ ನಾನು ತಿದ್ದುಪಡಿ ಬರೆಯುತ್ತಿದ್ದೆ: ಈಜುಕೊಳ ಎಂದಿರುವಲ್ಲಿ ಹೊಂಡ ಎಂದು ಓದಿಕೊಳ್ಳುವುದು.

ಮುಖ್ಯ ಕಚೇರಿಗೆ ಇದು ಹಿಡಿಸಲಿಲ್ಲ. ಅಲ್ಲಿ ನನ್ನ ಮೇಲಧಿಕಾರಿ ವಿನೀತ್ ಸರ್ ಎಂಬ ಯುವಕ. ಒಳ್ಳೆಯವನು, ಸಿಟ್ಟು ಮಾಡುತ್ತಿರಲಿಲ್ಲ, ನನ್ನ ವರದಿಗಳನ್ನು ಪೂರ್ತಿ ಓದುತ್ತಿದ್ದವನು ಅವನೊಬ್ಬನೇ. ಆದರೆ ಜಾಹೀರಾತಿನಲ್ಲಿ ಜನ ಇರಬಾರದು ಎಂಬುದು ಕಂಪನಿಯ ನಿಯಮ. ಜನರಿದ್ದರೆ ಕೊಳ್ಳುವವರಿಗೆ ಆ ಮನೆ ತಮ್ಮದು ಅನ್ನಿಸುವುದಿಲ್ಲವಂತೆ. ಹಾಗಾಗಿ ಪ್ರಾಮಾಣಿಕರ ಫೋಟೋಗಳೆಲ್ಲ ವಾಪಸು ಹೋಗುತ್ತಿದ್ದವು, ಮೋಸಗಾರರವು ನೇರವಾಗಿ ಒಳಗೆ ಬರುತ್ತಿದ್ದವು. ಆಮೇಲೆ ಫೋಟೋ ಪರೀಕ್ಷಿಸಲು ಒಂದು ಸಾಫ್ಟ್‌ವೇರ್ ತಂದರು. ಅದು ಗುರುಲಿಂಗಪ್ಪನ ಎಮ್ಮೆಗಳನ್ನು ನೋಡಿ ವಾಹನ ನಿಲುಗಡೆಗೆ ಸ್ಥಳಾವಕಾಶವಿದೆ ಎಂದು ಬರೆಯಿತು. ನಾನು ಅದರ ತಂಟೆಗೆ ಹೋಗಲಿಲ್ಲ. ಹೊಸದಾಗಿ ಸೇರಿದವರು ಒಂದಿಷ್ಟು ತಪ್ಪು ಮಾಡುವುದು ಸಹಜ.

ಇನ್ನು ನೆಲೋಗಿಯ ಮನೆಯ ಸಂಗತಿ. ನಿಮಗೆ ಹೇಳಬೇಕೆಂದು ಕುಳಿತದ್ದೇ ಇದನ್ನು.

ನೆಲೋಗಿಯಲ್ಲಿ ಉಸ್ಮಾನಸಾಬರು ಎಂಬ ತೊಗರಿ ವ್ಯಾಪಾರಿ ಇದ್ದರು. ದುಡಿದದ್ದನ್ನೆಲ್ಲ ಹಾಕಿ ಒಂದು ಮನೆ ಕಟ್ಟಿಸಿದರು. ಮೇಲೆ ಗುಮ್ಮಟ, ಒಳಗೆ ತಿರುಗುವ ಮೆಟ್ಟಿಲು, ಪಡಸಾಲೆಗೆ ಆಳೆತ್ತರದ ಗಾಜಿನ ಕಿಟಕಿ. ಆ ಮನೆಯ ಪ್ರವೇಶಕ್ಕೆ ಫೋಟೋ ತೆಗೆಯಲು ಹೋದವರು ನಾನು ಮತ್ತು ಕಸ್ತೂರಬಾಯಿ. ಮಕ್ಕಳಿಲ್ಲದ ಗಂಡ ಹೆಂಡತಿ ಇಬ್ಬರನ್ನೂ ಕಿಟಕಿಯ ಪಕ್ಕ ನಿಲ್ಲಿಸಿದೆ. ಉಸ್ಮಾನಸಾಬರು ಸರಿದು ನಿಂತು, "ಆಕಿನ್ನ ನಡುವ ನಿಂದ್ರಿಸ್ರಿ. ಮನಿ ಆಕಿ ಹೆಸರಿಲೆ ಮಾಡೇನಿ. ನಾ ಬಾಡಿಗಿ ಕೊಡಲಾರದ ಇರಾಂವ," ಎಂದರು. ಅವರ ಹೆಂಡತಿ ಖೈರಾಬಿ ಸೆರಗು ಬಾಯಿಗೆ ಹಿಡಿದು ನಕ್ಕದ್ದು ಫೋಟೋದಲ್ಲಿ ಬಂದಿದೆ.

ಎಷ್ಟೋ ವರ್ಷಗಳ ನಂತರ ಉಸ್ಮಾನಸಾಬರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಇನ್ನೊಂದು ದಿನ ಹೋಗಿ ಬರೋಣ ಎಂದುಕೊಂಡಿರುವಾಗಲೇ ಮೊಬೈಲಿಗೆ ಒಂದು ಜಾಹೀರಾತು ಬಂತು: ನೆಲೋಗಿಯಲ್ಲಿ ಅರಮನೆಯಂಥ ಮನೆ, ಈಚಿನ ಚಿತ್ರಗಳು, ಮನೆ ಖಾಲಿ ಇದೆ, ತಕ್ಷಣ ವಶಕ್ಕೆ. ಹಾಕಿದವನು ಉಸ್ಮಾನಸಾಬರ ತಮ್ಮ ರಫೀಕ. ಮಾಲೀಕರ ಪ್ರತಿನಿಧಿ ಎಂದು ಬರೆದುಕೊಂಡಿದ್ದ, ಮುಂಗಡ ತನ್ನ ಖಾತೆಗೇ ಬರಬೇಕು ಎಂದೂ ಬರೆದಿದ್ದ. ಮನೆಯ ಕಾಗದಪತ್ರವೆಲ್ಲ ಖೈರಾಬಿಯ ಹೆಸರಿನಲ್ಲಿ ಸರಿಯಾಗಿತ್ತು. ಫೋಟೋದಲ್ಲಿ ಜನ ಇರಲಿಲ್ಲ. ಸಾಫ್ಟ್‌ವೇರ್ ಎಲ್ಲವನ್ನೂ ಪಾಸು ಮಾಡಿತ್ತು.

ನಾನು ಕಿಟಕಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಗಾಜಿನ ಪ್ರತಿಬಿಂಬದಲ್ಲಿ ಯಾರೋ ಹೆಂಗಸು ಬಿಳಿ ಛತ್ರಿ ಹಿಡಿದು ನಿಂತಿದ್ದಳು. ಕಸ್ತೂರಬಾಯಿಯನ್ನು ಕರೆದು ತೋರಿಸಿದೆ.

"ಇದು ನಾನ ಅಲ್ರಿ?" ಎಂದಳು. ಮತ್ತೊಮ್ಮೆ ನೋಡಿ, "ಆ ಸೀರಿ ಎಲ್ಲಿ ಹೋತು?" ಎಂದಳು.

ಅದು ಮನೆಯ ಪ್ರವೇಶದ ದಿನ ನಾನು ತೆಗೆದ ಫೋಟೋ. ಗಂಡ ಹೆಂಡತಿ ಇಬ್ಬರನ್ನೂ ಕತ್ತರಿಸಿ ತೆಗೆದು ಮನೆಯನ್ನಷ್ಟೇ ಉಳಿಸಿದ್ದರು. ಗಾಜಿನೊಳಗಿನವಳನ್ನು ಕತ್ತರಿಸಲು ಅವರಿಗೆ ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಉಸ್ಮಾನಸಾಬರನ್ನು ಎರಡನೇ ಸಲ ಮಣ್ಣು ಮಾಡಿದಂತೆ ಅನ್ನಿಸಿತು.

ಅನುಮಾನಕ್ಕೆ ಕಾರಣ ಎಂಬ ಜಾಗದಲ್ಲಿ, 'ಚಿತ್ರದಲ್ಲಿ ನನ್ನ ಹೆಂಡತಿ ಇದ್ದಾಳೆ' ಎಂದು ಬರೆದು ಕಳಿಸಿದೆ. ವಿನೀತ್ ಸರ್ ಕೂಡಲೇ ಫೋನು ಮಾಡಿದ.

"ಸರ್, ಆರೋಗ್ಯ ತಾನೆ?"

ವಿವರಿಸಿದೆ. ಅವನು ಯೋಚಿಸಿ, "ಹಳೇ ಫೋಟೋ ಹಾಕಿದ್ದು ತಪ್ಪು ಸರ್, ಒಪ್ಕೋತೀನಿ. ಆದ್ರೆ ಅದೊಂದಕ್ಕೇ ಹರಾಜು ನಿಲ್ಸೋಕಾಗಲ್ಲ. ಮಾಲೀಕರು ತಾವೇ ಬೇಡ ಅನ್ಬೇಕು. ಅವರು ಅದೇ ಮನೇಲಿ ಇದ್ದಾರೆ ಅನ್ನೋದಕ್ಕೆ ಇವತ್ತಿನ ಫೋಟೋ ಬೇಕು. ನಾಳೆ ಸವಾಲು ಮುಗಿಯುತ್ತೆ," ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನಾನು, ಕಸ್ತೂರಬಾಯಿ ಸಿಕ್ಕ ಬಸ್ಸು ಹತ್ತಿದೆವು. ರಫೀಕ ಗೇಟಿನ ಹೊರಗೇ ನಮ್ಮನ್ನು ತಡೆದ. ಬಹಳ ಮರ್ಯಾದೆಯಿಂದ ಮಾತಾಡಿದ.

"ಒಳಗ ಬರ್ಲಾಕ ಆಗಂಗಿಲ್ರಿ ಕಾಕಾ. ಭಾಬಿ ಇದ್ದತ್ ಕುಂತಾರ. ಹೊರಗಿನ ಗಂಡಸರು ಅವರನ್ನ ನೋಡಂಗಿಲ್ಲ, ಅವರು ಮನಿ ಬಿಟ್ಟು ಬರಂಗಿಲ್ಲ."

ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಹಾಗೆ ಮನೆಯೊಳಗೇ ಇರುತ್ತಾರೆ. ಅದನ್ನು ಇದ್ದತ್ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ನೇಮ, ಯಾರೂ ಮೀರುವುದಿಲ್ಲ. ರಫೀಕನೂ ಅದನ್ನು ಮೀರಿರಲಿಲ್ಲ. ಹರಾಜಿನ ತಾರೀಖನ್ನು ಆ ದಿನಗಳೊಳಗೇ ಕೂಡಿಸಿದ್ದ, ಅಷ್ಟೇ.

"ಮನಿ ಖಾಲಿ ಅದ ಅಂತ ಹಾಕೀರಲ್ಲ?" ಎಂದೆ.

"ಇದ್ದತ್ ಮುಗದ ಮ್ಯಾಲ ಖಾಲಿ ಆಗ್ತದ್ರಿ."

"ಅವರಿಗಿ ಗೊತ್ತದ?"

"ದುಃಖದಾಗ ಇದ್ದವ್ರಿಗಿ ಇಂಥಾವೆಲ್ಲ ಯಾಕ ಹೇಳ್ಬೇಕ್ರಿ?"

ಪರಿಶೀಲಕನಿಗೆ ಒಳಗೆ ಹೋಗುವ ಅಧಿಕಾರ ಕಂಪನಿ ಕೊಟ್ಟಿತ್ತು, ಆದರೆ ಈ ಬಾಗಿಲಿಗೆ ಅದು ನಡೆಯುವಂಥದ್ದಲ್ಲ, ನಡೆಯಲೂ ಬಾರದು. ಆಗ ಕಸ್ತೂರಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ರಫೀಕನ ಮುಂದೆ ಬಂದಳು.

"ಹೆಣ್ಮಕ್ಳು ಮಾತಾಡ್ಸಿ ಬರ್ಲಾಕ ಅಡ್ಡಿ ಇಲ್ಲಲ್ಲೋ ತಮ್ಮಾ? ಮಣ್ಣಿಗಂತೂ ಬರ್ಲಿಲ್ಲ," ಎಂದು, ಉತ್ತರಕ್ಕೂ ಕಾಯದೆ ಒಳಗೆ ನಡೆದಳು. ರಫೀಕ ಅವಳನ್ನು ತಡೆಯಲು ಯಾವ ನೇಮವನ್ನೂ ಹುಡುಕಿಟ್ಟಿರಲಿಲ್ಲ.

ಒಳಗಿನಿಂದ ಮೊದಲು ಒಬ್ಬರು ಅಳುವುದು ಕೇಳಿಸಿತು, ನಂತರ ಇಬ್ಬರು. ಆಮೇಲೆ ಮುಂಬಾಗಿಲ ಪರದೆಯ ಹಿಂದಿನಿಂದ ಖೈರಾಬಿಯ ದನಿ ಬಂತು.

"ಫೋಟೋದ ಅಣ್ಣಾರ, ಬಂದೀರೇನ್ರಿ? ನನ್ನ ಮನಿ ಯಾರೋ ಮಾರಾಕತ್ತಾರಂತಲ್ರಿ?"

ನಾನು ರಫೀಕನನ್ನು ನೋಡಿದೆ. ರಫೀಕ ತನ್ನ ಚಪ್ಪಲಿಯನ್ನು ನೋಡಿಕೊಂಡ. ಕೊನೆಗೆ ಅವನೇ ಬಾಯಿ ಬಿಟ್ಟ. "ನಿಮ್ಮ ಸಲುವಾಗೇ ಭಾಬಿ. ಒಬ್ಬರೇ ಇಷ್ಟು ದೊಡ್ಡ ಮನಿಯಾಗ ಹ್ಯಾಂಗ ಇರ್ತೀರಿ? ಮಾರಿದ್ರ ನಾ ಎಲ್ಲಾ ನೋಡಿಕೊಳ್ತಿದ್ದೆ."

"ಮಾರೋದಿದ್ರ ನಾ ಮಾರ್ತೇನಿ ರಫೀಕ್. ನಾ ಇದ್ದತ್ ಕುಂತೇನಿ, ಸತ್ತಿಲ್ಲ."

ಪರದೆ ಅಲುಗಾಡಲೂ ಇಲ್ಲ. ಅಷ್ಟು ಮೆಲ್ಲಗೆ ಹೇಳಿದರು. ರಫೀಕ ಗೇಟಿನ ಕಂಬಕ್ಕೆ ಕೈ ಕೊಟ್ಟು ನಿಂತ.

ಇನ್ನು ಫೋಟೋ. ನಾನು ತೆಗೆಯುವಂತಿಲ್ಲ. ಮೊಬೈಲನ್ನು ಗೇಟಿನವರೆಗೆ ಬಂದ ಕಸ್ತೂರಬಾಯಿಯ ಕೈಗೆ ಕೊಟ್ಟು, ಗೇಟು ಎಳೆದುಕೊಂಡು, ರಫೀಕನ ಜೊತೆ ಬೀದಿಯಲ್ಲಿ ಮನೆಗೆ ಬೆನ್ನು ಮಾಡಿ ನಿಂತೆ. ಅವನು ಚಹಾ ಕುಡಿಯುತ್ತೀರಾ ಎಂದ. ಬೇಡ ಎಂದೆ. ಜೇವರ್ಗಿ ಬಸ್ಸು ಯಾವಾಗ ಎಂದೆ. ಹೇಳಿದ. ನಮ್ಮಿಬ್ಬರ ನಡುವೆ ಮಾತಾಡುವುದು ಅಷ್ಟೇ ಇತ್ತು.

ಇಡೀ ಸಂಸಾರ ಕ್ಯಾಮರಾದ ಪಕ್ಕದಲ್ಲೇ ಕಳೆದ ಕಸ್ತೂರಬಾಯಿ ಫೋಟೋ ತೆಗೆದದ್ದು ಅದೇ ಮೊದಲು. ಮೊದಲ ಕೆಲವು ಫೋಟೋಗಳಲ್ಲಿ ಅವಳ ಹೆಬ್ಬೆರಳು ಚೆನ್ನಾಗಿ ಬಂದಿತ್ತು. ಮುಖ ಬೇಡ ಎಂದು ಖೈರಾಬಿ ಹೇಳಿದ್ದರಂತೆ. ಕೊನೆಯ ಫೋಟೋದಲ್ಲಿ ಆಳೆತ್ತರದ ಕಿಟಕಿಯ ಪಕ್ಕ ಬಿಳಿ ದುಪಟ್ಟಾ ಹೊದ್ದ ಬೆನ್ನು, ಕಿಟಕಿಯ ಚೌಕಟ್ಟಿನ ಮೇಲೆ ಒಂದು ಕೈ. ಗಾಜಿನಲ್ಲಿ ಮೊಬೈಲು ಎತ್ತಿ ಹಿಡಿದ ಕಸ್ತೂರಬಾಯಿ, ನಾಲಿಗೆ ಕಚ್ಚಿಕೊಂಡು.

"ಮುಖ ಇಲ್ವಲ್ಲ ಸರ್," ಎಂದ ವಿನೀತ್ ಸರ್, ಫೋಟೋ ತಲುಪಿದ ಕೂಡಲೇ ಫೋನು ಮಾಡಿ.

"ಗಾಜು ನೋಡ್ರಿ," ಎಂದೆ. "ಅಲ್ಲೂ ಅಕಿನ, ಇಲ್ಲೂ ಅಕಿನ. ಅವತ್ತು ಛತ್ರಿ ಹಿಡದಿದ್ಲು, ಇವತ್ತು ಮೊಬೈಲು. ಮನಿನೂ ಅದೇ, ಕಿಟಕಿನೂ ಅದೇ. ನಡುವ ನಿಂತವರು ಮಾಲೀಕರು, ಬ್ಯಾಡ ಅಂತ ಪರದೆ ಹಿಂದಿನಿಂದ ನನಗ ಹೇಳ್ಯಾರ. ನಿಮಗೂ ಹೇಳ್ತಾರ, ಮೊಬೈಲ್ ಒಳಗ ಕೊಡ್ಲೇನ್ರಿ?"

ಕೊಟ್ಟೆವು. ಅವನೂ ಕೇಳಿಸಿಕೊಂಡ. ಅವರು ಅವನಿಗೆ ಏನು ಹೇಳಿದರೋ ಗೊತ್ತಿಲ್ಲ. ನಾವು ಬಸ್ಸು ಹತ್ತುವ ಮೊದಲೇ ಜಾಹೀರಾತು ಹೋಗಿತ್ತು. ರಫೀಕನ ಹೆಸರಿನಲ್ಲಿ ಮುಂದೆ ಯಾವ ಜಾಹೀರಾತೂ ಬಾರದಂತೆ ಮಾಡಿದರು. ಪೊಲೀಸರಿಗೆ ಹೇಳುವುದು ಬೇಡ ಎಂದು ಖೈರಾಬಿಯೇ ಹೇಳಿ ಕಳಿಸಿದರು. ನನಗೇನೋ ಹೇಳಬೇಕು ಎನ್ನಿಸಿತ್ತು. ಆದರೆ ಅದು ಅವರ ಮನೆ.

ಮನೆಗೆ ಬಂದು ಹಳೆಯ ಕಂಪ್ಯೂಟರಿನಲ್ಲಿ ಹುಡುಕಿ ಪ್ರವೇಶದ ದಿನದ ಪೂರ್ತಿ ಫೋಟೋ ತೆಗೆದೆ. ಗಂಡ ಹೆಂಡತಿ ಇಬ್ಬರೂ ಇದ್ದರು. ಕಟ್ಟು ಹಾಕಿಸಿ ಖೈರಾಬಿಗೆ ಕಳಿಸಿದೆ.

ಇದ್ದತ್ ಮುಗಿದ ಮೇಲೆ ಖೈರಾಬಿಯ ಫೋನು ಬಂತು. ಅದು ನಾನು ಕೆಲಸ ಬಿಡುವ ಹೊತ್ತು, ಕಣ್ಣಿಗೆ ದೀಪಗಳ ಸುತ್ತ ಬಣ್ಣದ ಬಳೆಗಳು ಕಾಣತೊಡಗಿದ್ದವು.

"ಅಣ್ಣಾರ, ಮನಿ ಮಾರ್ಬೇಕಂತ ಮಾಡೇನಿ," ಎಂದರು. "ಅಫಜಲಪುರದಾಗ ನಮ್ಮ ಅಕ್ಕ ಅದಾಳ. ಅಕಿ ಮಗ್ಗಲಾಗ ಎರಡು ಖೋಲಿ ಸಾಕು. ರಫೀಕ್ ಹೇಳಿದ್ದು ಖರೇನ, ಒಬ್ಬಾಕೀಗಿ ಇದು ದೊಡ್ಡದು. ಆದ್ರ ಅಂವ ಹೇಳಬಾರದಿತ್ತು. ಫೋಟೋಕ್ಕ ನೀವು ಬರ್ಬೇಕು, ಕಸ್ತೂರಬಾಯಿ ಅಕ್ಕನ್ನೂ ಕರ್ಕೊಂಡು. ಫೋಟೋದಾಗ ನಾ ಇರ್ಬೇಕು."

ಹೋದೆವು. ಆ ಮನೆಯಲ್ಲಿ ಕ್ಯಾಮರಾ ಹಿಡಿಯಲು ನನಗೆ ಧೈರ್ಯವಾಗಲಿಲ್ಲ. ಕಿಟಕಿಯ ಸರಳುಗಳು ಒಂದಕ್ಕೆರಡು ಕಾಣುತ್ತಿದ್ದವು. ಕಸ್ತೂರಬಾಯಿ ಏನೂ ಕೇಳದೆ ಮೊಬೈಲು ತೆಗೆದುಕೊಂಡಳು. ಹಳೆಯ ಬಿಳಿ ಛತ್ರಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಇನ್ನಷ್ಟು ಮ್ಯಾಲ ಹಿಡೀರಿ. ಅಷ್ಟು ವರ್ಷ ನಾ ಹಿಡದಿದ್ದು ನೋಡಿಲ್ಲೇನ್ರಿ?" ಎಂದಳು. ಖೈರಾಬಿ ಕಿಟಕಿಯ ಮುಂದೆ ನಡುವೆ ನಿಂತರು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತರು. ಆ ಜಾಗ ನೋಡುತ್ತ ನಾನು ಛತ್ರಿಯನ್ನು ಕೆಳಗಿಳಿಸಿಬಿಟ್ಟೆ. ಕಸ್ತೂರಬಾಯಿ ಬೈದಳು.

ವಿನೀತ್ ಸರ್ ಫೋನು ಮಾಡಿದ. "ಸರ್, ಫೋಟೋದಲ್ಲಿ ಜನ ಇರಬಾರ್ದು, ಗೊತ್ತಲ್ಲ."

"ಜನ ಅಲ್ರಿ ಸರ್, ಮಾಲೀಕರು," ಎಂದೆ.

"ಇರ್ಲಿ ಬಿಡಿ ಸರ್," ಎಂದ.

ಆದರೆ ಸಾಫ್ಟ್‌ವೇರ್ ಸುಮ್ಮನಿರಲಿಲ್ಲ. ಅದು ಈ ನಡುವೆ ಕೆಲಸ ಕಲಿತಿತ್ತು. ಜಾಹೀರಾತಿನ ಮೇಲೆ ಕೆಂಪು ಗುರುತು ಹಾಕಿ ನನಗೇ ಕಳಿಸಿತು: 'ಅನುಮಾನಾಸ್ಪದ. ಕಿಟಕಿಯ ಗಾಜಿನಲ್ಲಿ ಗುರುತಿಲ್ಲದ ವ್ಯಕ್ತಿ, ಕೈಯಲ್ಲಿ ಗುರುತಿಲ್ಲದ ವಸ್ತು.' ಪರಿಶೀಲಕರ ಅಭಿಪ್ರಾಯಕ್ಕೆಂದು ಕೆಳಗೆ ಜಾಗ ಬಿಟ್ಟಿತ್ತು. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನನ್ನ ಕೊನೆಯ ವರದಿ ಬರೆದೆ.

'ವಸ್ತು ಛತ್ರಿ. ವ್ಯಕ್ತಿ ಛತ್ರಿ ಹಿಡಿಯಲು ಬಂದವನು, ಕೆಲಸಕ್ಕೆ ಹೊಸಬ. ಮನೆ ನಿಜ. ಮಾರುವವರು ಮುಂದೆಯೇ ನಿಂತಿದ್ದಾರೆ.'